ಹೆರಾಲ್ಡ್ ಅಂಕಲ್‌ಗೆ ಒಂದು ಹೆಸರು

ಅನ್ಯಾಯ ಕಂಡಲ್ಲಿ ಸುಮ್ಮನಿರಬಾರದೆಂದು ನನ್ನ ಶಾಲೆ ಕಲಿಸಿತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಸಲಿಲ್ಲ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನಾಟಕದಲ್ಲಿ ಇಂಗ್ಲಿಷ್ ಕಲೆಕ್ಟರನ ಪಾತ್ರಕ್ಕೆ ನಮ್ಮವರಲ್ಲೇ ತುಸು ಬೆಳ್ಳಗಿರುವವರನ್ನು ಹಿಡಿದು ಮುಖಕ್ಕೆ ಪೌಡರ್ ಮೆತ್ತುವ ಪದ್ಧತಿಯಿತ್ತು. ಇದು ವರ್ಣಭೇದವೆಂದು ಸಮಿತಿಗೆ ಮೂರು ಪುಟಗಳ ಪತ್ರ ಬರೆದೆ. ಸಮಿತಿಯವರು ಜಾಣರು, ಈ ವರ್ಷದ ನಾಟಕವನ್ನು ನೀವೇ ಬರೆದು ಆಡಿಸಿ ಎಂದುಬಿಟ್ಟರು.

ಅಮೆರಿಕದ ಐಸೆಲಿನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲೇ ಹೆರಾಲ್ಡ್ ಅಂಕಲ್ ಇದ್ದರು. ಇಂಗ್ಲೆಂಡಿನವರು, ಎಂಬತ್ತು ದಾಟಿದ ನಟ. ನಲವತ್ತು ವರ್ಷ ಸಿನಿಮಾ, ಟಿ.ವಿ.ಗಳಲ್ಲಿ ಬಾಗಿಲು ತೆರೆಯುವ ಬಟ್ಲರ್, ಶವದೆದುರು ಟೋಪಿ ತೆಗೆಯುವ ಪೊಲೀಸ್ ಆಗಿದ್ದವರು. ಆ ಮುಖವನ್ನು ಎಲ್ಲೋ ಕಂಡಂತೆ ಎಲ್ಲರಿಗೂ ಅನ್ನಿಸುತ್ತದೆ. ಎಲ್ಲೆಂದು ಯಾರಿಗೂ ಹೊಳೆಯುವುದಿಲ್ಲ. ಓಕ್ ಟ್ರೀ ರೋಡಿನ ಅಂಗಡಿಯವರೊಬ್ಬರು ತಮ್ಮ ಹಳೆಯ ಡೆಂಟಿಸ್ಟ್ ಎಂದೇ ನಂಬಿ ಅವರೆದುರು ಬಾಯಿ ತೆರೆದಿದ್ದರಂತೆ. ಅಂಕಲ್ ಗಂಭೀರವಾಗಿ ಒಳಗೆ ಇಣುಕಿ, ಚಿಂತೆಯಿಲ್ಲ ಎಂದರಂತೆ.

ಕಲೆಕ್ಟರನಾಗಲು ಅವರು ಕೂಡಲೇ ಒಪ್ಪಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಕನ್ನಡ ಮಾತುಗಳನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಇದೇ ತಮ್ಮ ಕೊನೆಯ ಪಾತ್ರ, ಮಂಡಿ ಇನ್ನು ಒಪ್ಪುವುದಿಲ್ಲ ಎಂದರು. ಜೀವನವಿಡೀ ‘ಎರಡನೆಯ ಪೊಲೀಸ್’ ಆಗಿದ್ದಾಯಿತು, ಈ ಒಮ್ಮೆಯಾದರೂ ಪಾತ್ರಕ್ಕೊಂದು ಹೆಸರಿರಬಹುದೇ ಎಂದು ಕೇಳಿದರು. ನಾನು ಬರೆದಿದ್ದುದು ಬರೀ ‘ದೊರೆ’. ಅವನು ವಸಾಹತುಶಾಹಿಯ ಸಂಕೇತ, ಸಂಕೇತಕ್ಕೆ ಹೆಸರು ಸಲ್ಲದು ಎಂದು ವಿವರಿಸಿದೆ.

“ಕೆಟ್ಟವನೇ ಆಗಿರಲಿ, ಮೈ ಡಿಯರ್,” ಎಂದರು ಅಂಕಲ್. “ಆದರೆ ಯಾರೋ ಒಬ್ಬನಾಗಿರಲಿ.”

‘ದೊರೆ’ ಎಂದಿದ್ದುದನ್ನು ಹೊಡೆದುಹಾಕಿದೆ. ಎಡ್ವಿನ್ ಪೆನ್‌ರೋಸ್ ಎಂದು ಬರೆದೆ. ಅವರು ಅದನ್ನು ಮೂರು ಬಾರಿ ಮೆಲ್ಲಗೆ ಹೇಳಿಕೊಂಡರು.

ರಿಹರ್ಸಲ್‌ನಲ್ಲಿ ಕಲೆಕ್ಟರನಿಗೆ ಚಹಾ ತರುವ ಜವಾನ ನನ್ನ ಗಂಡ ಸತೀಶ. ಅಂಕಲ್ ಕಪ್ ಎತ್ತಿಕೊಂಡವರು ತಟ್ಟನೆ ನಿಂತು, ಈ ಮನುಷ್ಯನ ಹೆಸರೇನು ಎಂದು ನನ್ನನ್ನು ಕೇಳಿದರು. ಹಾಳೆ ತಿರುವಿದೆ. ‘ಜವಾನ’ ಎಂದಷ್ಟೇ ಇತ್ತು.

ಸತೀಶ ಟ್ರೇ ಹಿಡಿದೇ ಹೇಳಿದ: “ನಾನೂ ಕೇಳ್ಬೇಕು ಅಂತಿದ್ದೆ ಕಣೆ. ನೀನು ಸಂಕೇತ ಅಂತ ಲೆಕ್ಚರ್ ಕೊಡ್ತೀಯ ಅಂತ ಸುಮ್ನಿದ್ದೆ.”

ಜವಾನ ಅಂದೇ ಮಲ್ಲಪ್ಪನಾದ. ನಾಟಕದ ದಿನ ಎಡ್ವಿನ್ ಪೆನ್‌ರೋಸ್ ಚಹಾ ತೆಗೆದುಕೊಂಡು, ನಾನು ಬರೆಯದೇ ಇದ್ದ ಮಾತೊಂದನ್ನು ಹೇಳಿದ: “ಧನ್ಯವಾದ, ಮಲ್ಲಪ್ಪ.” ಆ ಕಾಲದ ಅಧಿಕಾರಿ ಹಾಗೆನ್ನುತ್ತಿರಲಿಲ್ಲ, ಇದು ಇತಿಹಾಸಕ್ಕೆ ಬಗೆದ ಅಪಚಾರ ಎಂದು ಟಿಪ್ಪಣಿ ಮಾಡಿಕೊಳ್ಳಲು ಪೆನ್ನು ತೆಗೆದೆ. ಕಣ್ಣು ಮಂಜಾಗಿ ಹಾಳೆಯೇ ಕಾಣಲಿಲ್ಲ.