ಬಿಳಿ ಪಿಕಪ್ಪಿಗೆ ಮೊಟ್ಟೆಯ ಉಪಚಾರ

ಟರ್ಲಿಂಗ್ವಾ ಊರು ಇನ್ನೇನು ಸಿಕ್ಕಿತು ಎನ್ನುವಾಗ ವೆಂಡೆಲ್ ಸ್ಟ್ರೌಡನ ಪಿಕಪ್ ಗಾಡಿ ಬುಸ್ಸೆಂದು ಹಬೆಯುಗುಳಿತು. ಸಂಜೆ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದೊಳಗೆ, ನದಿಯ ದಂಡೆಯಲ್ಲಿ, ಅವನ ಮಗಳು ಕೋರಾಳ ಮದುವೆ. ಹುಡುಗ ದೋಣಿಗೆ ಹುಟ್ಟು ಹಾಕುವವನು. ಅವನ ಮುಖವನ್ನೂ ನೋಡಿರದ ವೆಂಡೆಲ್, ಮದುವೆ ನಿಲ್ಲಿಸಲೆಂದೇ ದೂರದ ಲಬಕ್‌ನಿಂದ ಹೊರಟು ಬಂದಿದ್ದ.

ಗಾಡಿ ತೆವಳುತ್ತ ದೆಲ್ಮೀರಾಳ ಹೋಟೆಲಿನ ಮುಂದೆ ನಿಂತಿತು. ವೆಂಡೆಲ್ ಬಾಡಿದ ಸೊಪ್ಪಿನಂತೆ ಒಳಬಂದು ಕುರ್ಚಿಗೆ ಬಿದ್ದ.

"ಏಳ್ಬೇಡಿ ಯಜಮಾನ್ರೆ, ಮೊದ್ಲು ನೀರು ಕುಡೀರಿ," ಎಂದಳು ದೆಲ್ಮೀರಾ. "ರಾಯ್ಸ್ ತಾತಾ, ಇವರ ಗಾಡಿ ಸ್ವಲ್ಪ ನೋಡಿ!"

ರಾಯ್ಸ್ ತಾತ ಊರಿನ ಗಾಡಿಗಳಿಗೆಲ್ಲ ಕರೆಯದೆ ಬರುವ ವೈದ್ಯ. "ಯಾವ್ದು?"

"ಬಿಳೀದು," ಎಂದು ನರಳಿದ ವೆಂಡೆಲ್.

ತಾತ ಹೋಗಿ ನೋಡಿ ಬಂದ. "ರೇಡಿಯೇಟರ್ ತೂತಾಗಿದೆ. ಮೊಟ್ಟೆ ತನ್ನಿ. ಲೋಳೆ ಮಾತ್ರ. ಒಳಗೇ ಬೆಂದು ತೂತು ಮುಚ್ಕೊಳ್ಳುತ್ತೆ."

"ಜೊತೆಗೆ ಮೆಣಸಿನ ಪುಡೀನೂ ಹಾಕಿ," ಎಂದ ಪಕ್ಕದ ಮೇಜಿನವ.

"ಅದು ಗಾಡಿ ಕಣೋ, ನಿನ್ನ ಹೊಟ್ಟೆ ಅಲ್ಲ!"

ಹೋಟೆಲಿನ ಮೊಟ್ಟೆ ಸಾಲಲಿಲ್ಲ. ನೆರೆಮನೆಯಾಕೆ ತನ್ನ ಕೋಳಿಗೂಡನ್ನೇ ಬರಿದು ಮಾಡಿ ತಂದಳು. ಹುಟ್ಟಿದಂದಿನಿಂದ ಮೊಟ್ಟೆ ಒಡೆದು ಗೊತ್ತಿಲ್ಲದ ವೆಂಡೆಲ್ ಅಂಗಿ ತುಂಬ ಹಳದಿ ಬಳಿದುಕೊಂಡು ಲೋಳೆ ಬೇರ್ಪಡಿಸಿದ. ಗುರುತಿಲ್ಲದವನಿಗೆ ಇಷ್ಟೆಲ್ಲ ಮಾಡುತ್ತಾರಲ್ಲ ಎಂದು ಅವನ ಕಣ್ಣು ತುಂಬಿ ಬಂತು.

ಹೊರಗೆ ಎಂಜಿನ್ ಗುರುಗುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ!" ಎಂದು ವೆಂಡೆಲ್ ಒಬ್ಬೊಬ್ಬರ ಕೈಯನ್ನೂ ಕುಲುಕುತ್ತಿರುವಾಗ, ಧೂಳು ಮೆತ್ತಿದ ಯುವಕನೊಬ್ಬ ಓಡಿಬಂದ.

"ಇಲ್ಲಿ ಕೆಟ್ಟು ನಿಂತಿದ್ದ ನನ್ನ ಗಾಡಿ ರಿಪೇರಿ ಮಾಡಿದ ಪುಣ್ಯಾತ್ಮರು ಯಾರು? ಯಾರಾದ್ರೂ ಹತ್ತಿಸ್ಕೊಂಡು ಹೋಗ್ತಾರೇನೋ ಅಂತ ರಸ್ತೇಲಿ ಕೈ ಅಡ್ಡ ಹಿಡಿದು ಹಿಡಿದು ಸಾಕಾಯ್ತು!"

ವೆಂಡೆಲ್ ಹೊರಗೆ ಇಣುಕಿದ. ಬಿಳಿ ಪಿಕಪ್ ಎರಡಿದ್ದವು. ಅವನದು ರಿಪೇರಿಯಾದ ಗಾಡಿಯ ಹಿಂದೆ ಇನ್ನೂ ಹಬೆಯಾಡುತ್ತ ನಿಂತಿತ್ತು.

"ಅದೂ ಬಿಳೀದೇ ಅಲ್ವಾ," ಎಂದು ತಾತ ಗಡ್ಡ ತುರಿಸಿಕೊಂಡ. ಊರಿನಲ್ಲಿ ಒಂದು ಮೊಟ್ಟೆಯೂ ಉಳಿದಿರಲಿಲ್ಲ.

ಯುವಕ ಎಲ್ಲರನ್ನೂ ಬಿಟ್ಟು ಮೊಟ್ಟೆ ಮೆತ್ತಿದ ವೆಂಡೆಲ್‌ನನ್ನೇ ಬಾಚಿ ತಬ್ಬಿಕೊಂಡ. "ಇವತ್ತು ನನ್ನ ಮದುವೆ ಸ್ವಾಮಿ! ನಿಮ್ಮಿಂದ ಉಳೀತು. ನನ್ನ ಹುಡುಗಿ ಕೋರಾ ಬೆಳಗಿಂದ ಅಳ್ತಾ ಇದಾಳೆ, ಅವಳಪ್ಪ ಬರಲ್ಲ ಅಂದ್ರಂತೆ. ಅಪ್ಪನ ಜಾಗದಲ್ಲಿ ಅವಳ ಕೈ ಹಿಡಿದು ನಡೆಸಿಕೊಂಡು ಬರೋಕೆ ಯಾರೂ ಇಲ್ಲ. ನೀವು ಬರ್ತೀರಾ?"

ವೆಂಡೆಲ್ ಅಂಗಿಗೆ ಮೆತ್ತಿದ ಹಳದಿಯನ್ನು ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೋಗಿ ಯುವಕನ ಗಾಡಿ ಹತ್ತಿದ.

ದಾರಿಯುದ್ದಕ್ಕೂ ಹುಡುಗ ಧನ್ಯವಾದ ಹೇಳುತ್ತ ಗಾಳಿಯಂತೆ ಗಾಡಿ ಓಡಿಸಿದ. ಕೊನೆಗೆ ವೆಂಡೆಲ್ ಬಾಯಿ ಬಿಟ್ಟ:

"ನಿಧಾನ ಕಣಪ್ಪಾ. ತೂತು ಮತ್ತೆ ಬಿಟ್ಕೊಂಡ್ರೆ, ನನ್ನ ಮಗಳು ಅಲ್ಲಿ ಕಾಯ್ತಾ ಕೂತಿರಬೇಕಾಗುತ್ತೆ."