ಸೊಸೆ ಬರೆದ ಧೈರ್ಯ

ದೇಶದ ಧೈರ್ಯವೆಲ್ಲ ನಮ್ಮ ಅಡುಗೆಮನೆಯಲ್ಲೇ ತಯಾರಾಗುತ್ತದೆ ಅಂತ ನಮ್ಮ ಸೊಸೆ ನಂಬಿದ್ದಾಳೆ. ಗಡಿಯಲ್ಲಿ ಗುಂಡಿನ ಸದ್ದು ಶುರುವಾದ ದಿನ ಬೇರೆ ಮನೆ ಹೆಂಗಸರು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಇವಳು ಸಾರು ಕುದಿಯಲು ಬಿಟ್ಟು ಸಿನಿಮಾ ಬರೆಯಲು ಕೂತಳು. ಸಿನಿಮಾ ಮುಗಿಯಿತು, ಸಾರು ಸೀದು ಹೋಯಿತು. ಈ ಯುದ್ಧದಲ್ಲಿ ನಮ್ಮ ಕಡೆ ಮೊದಲು ಹೋದದ್ದು ನನ್ನ ಸ್ಟೀಲ್ ಪಾತ್ರೆ!

ಬರೆಯುವುದು ಅವಳಿಗೆ ಹೊಸದಲ್ಲ. ಮದುವೆಗೆ ಮುಂಚೆ ಮೈಸೂರಿನಲ್ಲಿದ್ದು ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುತ್ತಿದ್ದಳು. ಸೊಸೆ ಅತ್ತೆಗೆ ವಿಷ ಹಾಕುವ ಕಥೆ ಇವಳದ್ದೇ ಅಂತ ನನಗೆ ಗೊತ್ತಾಗಿದ್ದು ಮದುವೆ ಆದಮೇಲೆ. ಆರು ತಿಂಗಳು ನಾನು ಅವಳು ಉಂಡ ಮೇಲೇ ಉಂಡೆ. ನಾಲ್ಕನೇ ಕ್ಲಾಸು ಓದಿದವಳಿಗೂ ಅಷ್ಟು ಬುದ್ಧಿ ಇರುತ್ತದೆ.

ಈಗ ಬರೆಯುವುದು ಧೈರ್ಯ ತುಂಬುವ ಸಿನಿಮಾ. ಐದೈದು ನಿಮಿಷದ್ದು. ಫೋನಿನಲ್ಲೇ ತೆಗೆದು ಸೈನಿಕರ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುತ್ತಾಳೆ. ಕೊಡಗಿನಲ್ಲಿ ಅಂಥ ಮನೆಗಳಿಗೇನು ಬರವೇ? ನಮ್ಮದೂ ಒಂದು. ನನ್ನ ಮಗ, ಅಂದರೆ ಅವಳ ಗಂಡ, ಗಡಿಯಲ್ಲಿದ್ದಾನೆ. ಇನ್ನು ಸ್ವಲ್ಪ ದಿನ ಫೋನ್ ಸಿಗಲ್ಲ, ಗಾಬರಿ ಆಗ್ಬೇಡಿ ಅಂದವನು ಮತ್ತೆ ಫೋನು ಮಾಡಿಲ್ಲ. ಗಾಬರಿ ಆಗಬೇಡಿ ಅಂತ ಅವನು ಹೇಳದೇ ಇದ್ದಿದ್ದರೆ ನಾನು ಇಷ್ಟು ಗಾಬರಿ ಆಗುತ್ತಿರಲಿಲ್ಲ. ಟೀವಿಯಲ್ಲಿ ಕೆಟ್ಟ ಸುದ್ದಿ ಬಂದ ದಿನ ಇವಳು ಎರಡು ಸಿನಿಮಾ ಬರೆಯುತ್ತಾಳೆ. ಅದರಲ್ಲೇ ತಿಳಿದುಕೊಳ್ಳಿ.

ಅವಳದೊಂದು ಪದ್ಧತಿ ಇದೆ. ಪಾರ್ಟು ಮಾಡುವವರಿಗೆ ಮೊದಲೇ ಏನನ್ನೂ ಹೇಳುವುದಿಲ್ಲ. ಹೇಳಿದರೆ ಮುಖ ನಾಟಕ ಮಾಡುತ್ತದಂತೆ, ಸಹಜವಾಗಿ ಬರುವುದಿಲ್ಲವಂತೆ. ಹಾಗಾಗಿ ಒಂದು ದಿನ ಫೋನು ಹಿಡಿದು ಸೀದಾ ಸಾಮಾನಿನ ಕೋಣೆಗೆ ನುಗ್ಗಿ, "ಅತ್ತೆ, ದಿನಸಿ ಕೂಡಿಡಬೇಡಿ ಅಂತ ಜನಕ್ಕೆ ಹೇಳಿ" ಅಂದಳು. ಹಿಂದಿನ ದಿನವಷ್ಟೇ ನಾನು ಕುಶಾಲನಗರದಿಂದ ಮೂರು ಮೂಟೆ ಅಕ್ಕಿ ತರಿಸಿದ್ದೆ. ಇನ್ನೇನು ಮಾಡಲಿ? ಮೂಟೆಗಳ ಮೇಲೆ ಕೂತುಬಿಟ್ಟೆ. ಅವಳು ಒಂದು ಜಮಖಾನ ತಂದು ಮೂಟೆಗಳಿಗೆ ಹೊದಿಸಿದಳು. ಸಿನಿಮಾದಲ್ಲಿ ನಾನು ಮೈಸೂರು ಅರಮನೆಯವಳ ಹಾಗೆ ಎತ್ತರದಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳಿದ್ದೇನೆ. ಅಜ್ಜಿಯ ಗಾಂಭೀರ್ಯ ನೋಡಿ ಅಂತ ಗುಂಪಿನಲ್ಲಿ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಶತ್ರು ವಿಮಾನಕ್ಕೆ ಊರು ಕಾಣದ ಹಾಗೆ ದೀಪ ಆರಿಸುವ ಅಭ್ಯಾಸದ ಸಿನಿಮಾ. ದೀಪ ಆರಿಸಿಯೇ ತೆಗೆದಳು. ಐದು ನಿಮಿಷ ಬರೀ ಕತ್ತಲೆ, ನಡುವೆ ನನ್ನ ಕೆಮ್ಮು. ಮಡಿಕೇರಿಯ ಒಬ್ಬಾಕೆ ಮೂರು ಸಲ ನೋಡಿದಳಂತೆ. ಭಯ ಹೋಗಿ ಒಳ್ಳೇ ನಿದ್ದೆ ಬಂತು ಅಂತ ಫೋನು ಮಾಡಿ ಹೇಳಿದಳು.

ಮಗನ ಫೋನು ನಿಂತು ಒಂಬತ್ತನೇ ದಿನ. ಬೆಳಿಗ್ಗೆ ಹತ್ತು ಗಂಟೆ. ನಾನು ಅಂಗಳದಲ್ಲಿ ಬಿತ್ತನೆಗೆ ಶುಂಠಿ ಮುರಿಯುತ್ತಾ ಕೂತಿದ್ದೆ. ಮನೆ ಮುಂದಿನ ಹಾರಂಗಿ ನಾಲೆಯ ಏರಿ ಮೇಲೆ ಒಂದು ಜೀಪು ಬಂದು ನಿಂತಿತು. ಇಳಿದವರ ಮೈಮೇಲೆ ಯೂನಿಫಾರ್ಮು, ಕೈಯಲ್ಲಿ ಲಕೋಟೆ.

ರಜೆಗೆ ಬರುವವನು ಬ್ಯಾಗು ಹೊತ್ತು ಬರುತ್ತಾನೆ. ಯೂನಿಫಾರ್ಮು ಹಾಕಿ, ಜೀಪಿನಲ್ಲಿ, ಲಕೋಟೆ ಹಿಡಿದು ಬರುವವನು ಬೇರೆಯವನು. ತರುವ ಸುದ್ದಿಯೂ ಬೇರೆ. ಸೈನಿಕರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕೈಯಲ್ಲಿದ್ದ ಶುಂಠಿಯನ್ನು ಚೂರು ಚೂರಾಗುವವರೆಗೆ ಮುರಿಯುತ್ತಲೇ ಇದ್ದೆ.

ಜೀಪಿನ ಸದ್ದಿಗೆ ಸೊಸೆ ಸೌಟು ಹಿಡಿದೇ ಹೊರಗೆ ಬಂದಳು. ಈಗ ಕೇಳಿ. ಪದಕದ ಸುದ್ದಿ ತರುವ ಅಧಿಕಾರಿಯ ಕಥೆ ಬರೆದವಳು ಅವಳು. ಆ ಪಾರ್ಟು ಮಾಡಲು ಶ್ರೀಮಂಗಲದಿಂದ ನಿವೃತ್ತ ಸುಬೇದಾರರನ್ನು ಕರೆಸಿದವಳು ಅವಳು. ಹತ್ತು ಗಂಟೆಗೆ ಸರಿಯಾಗಿ ಬನ್ನಿ ಅಂತ ಬೆಳಿಗ್ಗೆ ಎರಡು ಸಲ ಫೋನು ಮಾಡಿದವಳೂ ಅವಳೇ. ನನ್ನ ಮುಖ ಸಹಜವಾಗಿ ಬರಲಿ ಅಂತ ಕಿಟಕಿಯಲ್ಲಿ ಫೋನಿನ ಕ್ಯಾಮೆರಾ ಬೇರೆ ಇಟ್ಟಿದ್ದಳು. ಆ ಯೂನಿಫಾರ್ಮು ಕಣ್ಣಿಗೆ ಬಿದ್ದದ್ದೇ ಎಲ್ಲ ಮರೆತಳು. ಹೊಸಲಿನ ಮೇಲೇ ಕುಸಿದು ಕೂತು, "ಬೇಡ, ಒಳಗೆ ಬರಬೇಡಿ" ಅಂದಳು.

ಸುಬೇದಾರರು ಅಂಗಳದ ಮಧ್ಯೆ ನಿಂತುಬಿಟ್ಟರು. "ನಾನು ಮಾರಾಯ್ತಿ, ಶೂಟಿಂಗಿಗೆ. ನೀನೇ ಅಲ್ವಾ ಬರಕ್ಕೆ ಹೇಳಿದ್ದು?"

ನಮ್ಮಿಬ್ಬರ ಮುಖ ನೋಡಿ ಅವರಿಗೂ ಅರ್ಥವಾಯಿತು. ಯೂನಿಫಾರ್ಮಿನ ಅಂಗಿ ಬಿಚ್ಚಿ, ನೀಟಾಗಿ ಮಡಚಿ ಜೀಪಿನೊಳಗಿಟ್ಟು, ಬನಿಯನ್ನಿನಲ್ಲೇ ಜಗಲಿ ಮೇಲೆ ಕೂತು ಕಾಫಿ ಕುಡಿದರು. ಅಷ್ಟು ವರ್ಷ ಹಾಕಿದ ಅಂಗಿಗೆ ಯಾರೂ ಇಷ್ಟು ಹೆದರಿದ್ದು ನೋಡಿಲ್ಲವಂತೆ. ಶತ್ರುಗಳೂ ಹೆದರಿರಲಿಲ್ಲವಂತೆ. ನಮ್ಮನ್ನು ನಗಿಸಲೆಂದೇ ಹಾಗೆ ಹೇಳಿದರು. ನಾವು ನಕ್ಕೆವು ಕೂಡ, ಸ್ವಲ್ಪ ತಡವಾಗಿ.

ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಸಹಜ ಮುಖ ಬೇಕು ಅಂತಿದ್ದಳಲ್ಲ, ಎರಡೆರಡು ಸಿಕ್ಕವು. ಅವಳು ಅದನ್ನು ಒಂದು ಸಲವೂ ನೋಡದೆ ಅಳಿಸಿಹಾಕಿದಳು.

ಅವಳಿಗೆ ಸರಿಯಾಗಿ ಬೈಯಬೇಕು ಅಂತ ಎರಡು ದಿನದಿಂದ ಮಾತು ಕೂಡಿಸಿಟ್ಟಿದ್ದೆ. ನಿನ್ನೆ ಸಂಜೆ ಹಾಲು ಕಾಯಿಸುತ್ತಿದ್ದಾಗ ಪುಸ್ತಕ ಹಿಡಿದು ಪಕ್ಕಕ್ಕೆ ಬಂದು ಕೂತಳು. ಹೊಸದು ಬರೆದಿದ್ದೀನಿ, ಓದಲಾ ಅಂತ ಕೇಳಿದಳು. ಹೂಂ ಅಂದೆ, ಬೈಯಲು ಇನ್ನೂ ಒಂದು ಕಾರಣ ಸಿಗಲಿ ಅಂತ.

ಒಬ್ಬ ಸೈನಿಕ ಮನೆಗೆ ಬರುತ್ತಾನೆ. ಬೂಟು ಬಿಚ್ಚುತ್ತಾನೆ. ಕೈಕಾಲು ತೊಳೆದು ಚಾಪೆ ಮೇಲೆ ಮಲಗುತ್ತಾನೆ. ತಾಯಿ ಒಂದು ಕಡೆ, ಹೆಂಡತಿ ಒಂದು ಕಡೆ ಕೂತಿರುತ್ತಾರೆ. ನಿದ್ದೆಯಲ್ಲಿ ಅವನು ಒಂದು ಸಲ ಮಗ್ಗುಲು ಬದಲಾಯಿಸುತ್ತಾನೆ. ಭಾಷಣ ಇಲ್ಲ, ಪದಕ ಇಲ್ಲ, ಯಾರೂ ಒಂದು ಮಾತಾಡುವುದಿಲ್ಲ.

"ಆಮೇಲೆ?" ಅಂದೆ.

"ಅಷ್ಟೇ ಅತ್ತೆ."

"ಇದ್ನ ಯಾರೇ ನೋಡ್ತಾರೆ?"

"ಯಾರಿಗೂ ಕಳ್ಸಲ್ಲ. ನಮ್ಮಿಬ್ರಿಗೆ."

ಹನ್ನೊಂದು ದಿನವಾಗಿತ್ತು. ಫೋನು ಬಂದಿರಲಿಲ್ಲ. ಇವತ್ತೂ ಬಂದಿಲ್ಲ. ನಾನು ಹಾಲು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅವಳಿಗೆ ಅಂಟಿಕೊಂಡೇ ಕೂತೆ. ಅವನು ಮಗ್ಗುಲು ಬದಲಾಯಿಸ್ತಾನಲ್ಲ, ಅಲ್ಲಿಂದ ಇನ್ನೊಂದ್ಸಲ ಓದು ಅಂದೆ.