ಒಂಟೆ ಮೇಲಿನ ಪುಣ್ಯಾತ್ಮ

ನಂಜನಗೂಡಿನ ನಮ್ಮ ಲೈಬ್ರರಿಗೆ ಓದುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸಕ್ಕೂ ಜನ ಬರುತ್ತಾರೆ. ಫ್ಯಾನ್ ಕೆಳಗೆ ಕೂರಲು, ಮೊಬೈಲ್ ಚಾರ್ಜ್ ಮಾಡಲು, ಬಸ್ಸು ಕಾಯಲು. ಹಾಗಾಗಿ ಲೈಬ್ರರಿಯನ್ ಆದ ನನಗೆ ನಗುವಿಗಂತೂ ಬರವಿಲ್ಲ. ಈಗ ಹೇಳಹೊರಟಿರುವುದೆಲ್ಲ ಒಂದೇ ಪುಸ್ತಕದ ಫಜೀತಿ. ಮೊದಲ ಮಹಾಯುದ್ಧದಲ್ಲಿ ಒಂಟೆ ಏರಿ ಮರಳುಗಾಡೆಲ್ಲ ಅಲೆದ ಸೈನಿಕನೊಬ್ಬನ ಹಳೇ ಜೀವನಚರಿತ್ರೆ. ಅದೆಂದರೆ ನನಗೆ ಪ್ರಾಣ. ಆದರೆ ಯಾರೂ ಮುಟ್ಟದ ಪುಸ್ತಕಗಳನ್ನು ರದ್ದಿಗೆ ಹಾಕಿ ಅಂತ ಮೇಲಿನಿಂದ ಆದೇಶ ಬಂದಿತ್ತು. ಸಾಹೇಬರು ತಪಾಸಣೆಗೆ ಬರುವುದರೊಳಗೆ ಇದಕ್ಕೊಬ್ಬ ಓದುಗನನ್ನು ಹುಡುಕಬೇಕು. ರೈತನ ಮಗನಿಗೆ ಹೆಣ್ಣು ಹುಡುಕುವುದೇ ಇದಕ್ಕಿಂತ ಸುಲಭ.

ಹಾಲು

ಕವಲಂದೆಯಿಂದ ಬಂದಿದ್ದ ಹಸು ಸಾಕುವ ಯಜಮಾನರ ಕೈಗೆ ಪುಸ್ತಕ ಇಟ್ಟೆ. ಮುಖಪುಟದ ಒಂಟೆಯನ್ನು ಸಂತೆಯಲ್ಲಿ ನೋಡುವ ಹಾಗೆ ನೋಡಿದರು.

"ಎಷ್ಟು ಲೀಟ್ರು ಕರೀತದೆ ಸಾ?"

"ಒಂಟೆ ಬಿಡಿ. ಮೇಲೆ ಕೂತವನು ಸಾಮ್ರಾಜ್ಯವನ್ನೇ ಅಲ್ಲಾಡಿಸಿದವನು ಕಣ್ರೀ!"

"ಅವ್ನು ಏನಾರ ಮಾಡ್ಕಳ್ಳಿ. ಫ್ಯಾಟು ಎಷ್ಟು ಬತ್ತದೆ?"

ಯುದ್ಧ ಗೆದ್ದವನು ಹಾಲಿನ ಡೇರಿಯಲ್ಲಿ ಸೋತುಹೋದ.

ಪರೀಕ್ಷೆ

ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದ ಬಿಳಿಗೆರೆಯ ಹುಡುಗಿಯನ್ನು ಹಿಡಿದೆ.

"ನೀರಿಲ್ಲದೆ ಮರಳುಗಾಡಲ್ಲಿ ದಾರಿ ತಪ್ತಾನಮ್ಮ, ಎದೆ ಡವಡವ ಅನ್ನುತ್ತೆ ಓದ್ತಾ ಇದ್ರೆ!"

"ಕೊನೆಗೆ ಬದುಕ್ತಾನಾ ಇಲ್ವಾ, ಅಷ್ಟು ಹೇಳ್ಬಿಡಿ ಸರ್. ನೋಟ್ಸ್ ಮಾಡ್ಕೋತೀನಿ."

ಸ್ವಾಮಿಗಳು

ಅಷ್ಟರಲ್ಲಿ ಆಯುಧಪೂಜೆ ಬಂತು. ಲೈಬ್ರರಿ ಗುಡಿಸುವ ಅಕ್ಕ ಫ್ಯಾನು, ಕಂಪ್ಯೂಟರು, ಬೀರು, ಕೆಟ್ಟುನಿಂತ ಗಡಿಯಾರ ಎಲ್ಲಕ್ಕೂ ಕುಂಕುಮ ಇಟ್ಟರು. ನನ್ನ ಮೇಜಿನ ಮೇಲೆ ಆ ಪುಸ್ತಕ ತೆರೆದಿತ್ತು. ಒಳಗಿನ ಚಿತ್ರದಲ್ಲಿ ನಮ್ಮ ಸೈನಿಕ: ಬಿಳಿ ನಿಲುವಂಗಿ, ತಲೆ ತುಂಬ ಬಿಳಿ ವಸ್ತ್ರ, ನೋಟ ಆಕಾಶದ ಕಡೆ.

"ಯಾವ ಮಠದ ಸ್ವಾಮ್ಗೊಳೋ, ಏನ್ ಕಳೆ!" ಎಂದ ಅಕ್ಕ ಪುಸ್ತಕವನ್ನು ಹಾಗೇ ನಿಲ್ಲಿಸಿ, ಚೆಂಡುಹೂ ಇಟ್ಟು, ಊದುಬತ್ತಿ ಹಚ್ಚಿಬಿಟ್ಟರು. ಅಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಮುಂದಿನ ವಾರ ಸಾಹೇಬರು ಬಂದರು. ಸಿಕ್ಕಿದ್ದನ್ನೆಲ್ಲ ರದ್ದಿಗೆ ಎಸೆಯುತ್ತ ನನ್ನ ಮೇಜಿನವರೆಗೂ ಬಂದವರು, ಅಕ್ಕ ದಿನಾ ಇಡುವ ಹೂವು, ಊದುಬತ್ತಿ ಕಂಡದ್ದೇ ಶೂ ಕಳಚಿ ಕೈಮುಗಿದರು.

"ಇದನ್ನ ಮಾತ್ರ ಜಾಗದಿಂದ ಕದಲಿಸ್ಬೇಡ್ರೀ" ಅಂತ ಅಪ್ಪಣೆಯೂ ಆಯಿತು. ನಾನೂ ಬಾಯಿ ಮುಚ್ಚಿಕೊಂಡು ಕೈಮುಗಿದೆ.

ಪುಸ್ತಕವೇನೋ ಉಳಿಯಿತು. ಮೊನ್ನೆ, ನಂಬಿದರೆ ನಂಬಿ, ಬನ್ನೂರಿನ ಮೇಷ್ಟ್ರೊಬ್ಬರು ತಾವಾಗಿಯೇ ಬಂದು ಅದನ್ನೇ ಓದಲು ಕೇಳಿದರು. ಖುಷಿಗೆ ನನ್ನ ಕಣ್ಣು ತುಂಬಿತು. ಅವರು ಕೈ ಚಾಚುವಷ್ಟರಲ್ಲಿ ಅಕ್ಕ ಪೊರಕೆ ಅಡ್ಡ ಹಿಡಿದರು.

"ಬಾಡು ಗೀಡು ತಿಂದಿದ್ದೀರಾ ಮೇಷ್ಟ್ರೇ?"

"ಅಯ್ಯೋ, ಬೆಳಿಗ್ಗೆ ತಾನೇ ಕಾಲುಸೂಪು ಕುಡ್ದೆ. ತಪ್ಪಾಯ್ತು ಕಣಕ್ಕ, ಸೋಮವಾರ ಸ್ನಾನ ಮಾಡ್ಕಂಡು ಬತ್ತೀನಿ" ಎಂದು ಮೇಷ್ಟ್ರು ಗಲ್ಲ ಗಲ್ಲ ಬಡಿದುಕೊಂಡು ಹೊರಟೇಹೋದರು.

ಆ ಮಹಾನುಭಾವ ಮರಳುಗಾಡಿನುದ್ದಕ್ಕೂ ಇಡಿಇಡೀ ಕುರಿ ಬೇಯಿಸಿ ತಿಂದೇ ಯುದ್ಧ ಮಾಡಿದ್ದು ಅಂದರೆ ನಂಬುವವರು ಯಾರು? ಓದಿರುವವನು ನಾನೊಬ್ಬನೇ!